ಹಿಂಬದಿಯ ಗಂಟು

ಪಾಪಿರೆಡ್ಡಿಪಟ್ಟಿ ಪಕ್ಕದ ನಮ್ಮೂರಿಂದ,
೯-೮-೨೦೨೪, ಆಡಿ ತಿಂಗಳ ಶುಕ್ರವಾರ

ನನ್ನ ಕಾಳಿಗೆ,

ನಿನ್ನ ಅಕ್ಕ ಮುನಿವೆಂಕಟಮ್ಮನ ಆಶೀರ್ವಾದ. ಕಡಯಂಪಟ್ಟಿಯ ಮಗಳ ಮನೆಯಲ್ಲಿ ಸುಖವಾಗಿದ್ದೀಯಾ ಎಂದು ಕೇಳುವುದಿಲ್ಲ. ಫೋನ್ ಮಾಡಿದರೆ ಚಂದ್ರಿಕಾ ಎತ್ತಿಕೊಂಡು, "ಅಮ್ಮ ಮಲಗವ್ಳೆ ದೊಡ್ಡಮ್ಮ" ಅನ್ನುತ್ತಾಳೆ. ಬೆಳಿಗ್ಗೆ ಮಾಡಿದರೂ ಮಲಗಿದ್ದೀಯ, ಸಂಜೆ ಮಾಡಿದರೂ ಮಲಗಿದ್ದೀಯ. ಕುರಿ ಕಾಯ್ದವಳಿಗೆ ಹಗಲುನಿದ್ದೆ ಎಲ್ಲಿಂದ ಬಂತು? ಅದಕ್ಕೇ ಈ ಕಾಗದ. ತವರೂರಿನ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ನಾವಿಬ್ಬರೂ ಒಂದೇ ಮಣೆಯ ಮೇಲೆ ಕೂತು ಕಲಿತ ಅಕ್ಷರ. ಚಂದ್ರಿಕಾ ಕನ್ನಡ ಮಾತಾಡುತ್ತಾಳೆ, ಓದುವುದಕ್ಕೆ ತಮಿಳೇ ಬೇಕು. ಆದ್ದರಿಂದ ನೀನೇ ಎದ್ದು ಕೂತು ಓದಬೇಕು. ಕ್ಯಾಲೆಂಡರ್ ಹಾಳೆಗಳ ಹಿಂದೆ ದಪ್ಪ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದ್ದೇನೆ. ನಿನಗೆ ವಯಸ್ಸಾಯಿತಲ್ಲ, ಕಣ್ಣಿಗೆ ಕಾಣಲಿ ಅಂತ.

ಮೊದಲು ನಮ್ಮ ಹೊಲಿಗೆ ಗುಂಪಿನ ಸುದ್ದಿ. ನೀನು ಹೋದ ಮೇಲೂ ಗುರುವಾರಗಳು ನಿಂತಿಲ್ಲ. ಮಾರಿಯಮ್ಮನ ಗುಡಿ ಜಗಲಿಯಲ್ಲಿ ಚಾಪೆ ಹಾಸಿ, ಅವರವರು ಮಾಡಿದ್ದನ್ನು ಹರಡುತ್ತಾರೆ. ನನ್ನ ಮೊಮ್ಮಗಳು ವಾಣಿಯ ಕೂಸಿಗೆಂದು ಶಶಿಕಲಾ ಉಲ್ಲನ್ ಕುಲಾವಿ ಹೆಣೆದಿದ್ದಾಳೆ. ಅದು ಕೂಸಿಗಿಂತ ಕೂಸಿನ ತಾತನ ತಲೆಗೆ ಸರಿಯಾಗುತ್ತದೆ. ರಂಗನಾಯಕಿ ದಿಂಬಿನ ಚೀಲದ ಮೇಲೆ ಗಿಣಿ ಹಾಕಿದ್ದಾಳೆ. ಇದು ಗಿಣಿಯಾ, ಕತ್ತು ತಿರುಚಿದ ಕೋಳಿಯಾ ಎಂದು ಕೇಳಲು ಬಾಯಿಗೆ ಬಂತು. ಕೇಳಲಿಲ್ಲ. ನಾನು ಬಾಯಿ ಮುಚ್ಚಿ ಕೂತದ್ದಕ್ಕೆ ಅವಳೇ ಹೆದರಿ, "ಅತ್ತೆ, ಮೈಗೆ ಉಸಾರಿಲ್ವಾ?" ಅಂದಳು.

ತೊಟ್ಟಿಲ ಕೌದಿ ಇನ್ನೂ ಮುಗಿದಿಲ್ಲ. ಎಲ್ಲ ಚೌಕಗಳನ್ನೂ ಜೋಡಿಸಿ ಆಗಿದೆ, ನಡುವೆ ಒಂದರ ಜಾಗ ಖಾಲಿ. ಕೂಸನ್ನು ತೊಟ್ಟಿಲಿಗೆ ಹಾಕುವುದು ಬರುವ ಆವಣಿ ತಿಂಗಳ ಮೊದಲ ವಾರ.

ಆವತ್ತಿನ ಮಾತು ಎತ್ತದೆ ಎಷ್ಟು ದೂರ ಸುತ್ತಲಿ.

ವಾಣಿಯ ಅಮ್ಮನ ಹಸಿರು ಸೀರೆ ಕತ್ತರಿಸಿ ಎಲ್ಲರಿಗೂ ಒಂದೊಂದು ಚೌಕ ಹಂಚಿದ್ದೆವು. ಹೊಲಿದದ್ದನ್ನು ಬುಧವಾರ ನೀನು ಮನೆಮನೆಗೆ ಹೋಗಿ ಕೂಡಿಸಿ ತರುವುದು, ಗುರುವಾರ ಯಾರದೆಂದು ಹೇಳದೆ ಚಾಪೆಗೆ ಹಾಕುವುದು. ಹೆಸರಿಲ್ಲದಿದ್ದರೆ ಮುಖ ನೋಡದೆ ತಪ್ಪು ಹೇಳಬಹುದು ಎಂದು ಈ ಕಟ್ಟಳೆ ಮಾಡಿದವಳೂ ನಾನೇ. ಒಂದು ಚೌಕವನ್ನು ಕೈ ಚಾಚಿ ಬಿಸಿಲಿಗೆ ಹಿಡಿದೆ. ಕುಡಿದವನು ಬದುವಿನ ಮೇಲೆ ನಡೆದ ಹಾಗಿತ್ತು ಹೊಲಿಗೆ. ಒಂದು ಕಡೆ ದಾರದ ಗುಡ್ಡೆ, ಇನ್ನೊಂದು ಕಡೆ ಬಟ್ಟೆಗೆ ಸೂಜಿಯೇ ತಾಕಿಲ್ಲ. "ಯಾವಳೇ ಇದನ್ನ ಒಲ್ದಿದ್ದು? ಕೈಲಾಗ್ದಿದ್ರೆ ಸೂಜಿ ಬುಟ್ಟು ಮನೇಲಿ ಬಿದ್ಕಬೇಕು. ಕೂಸಿನ ಬೆನ್ನಿಗೆ ಇದನ್ನ ಆಸ್ತೀರಾ?" ಎಂದೆ. ಯಾರೂ ಉಸಿರೆತ್ತಲಿಲ್ಲ. ನನ್ನ ಬಾಯಿಗೆ ಹೆದರಿದರು ಅಂದುಕೊಂಡೆ. ಆಗ ನೀನು ಮೆಲ್ಲಗೆ, "ನಂದೇ ಅಕ್ಕ. ಕೈ ನಡುಗ್ತೈತೆ," ಅಂದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಕುರಿ ತುಪ್ಪಟ ನೂಲುವ ಕೈಗೆ ಸೀರೆ ಹೊಲಿಗೆ ಯಾಕೆ, ಇನ್ನು ಮೇಲೆ ಬಂದು ಚಾಪೆ ಗುಡಿಸು ಸಾಕು, ಎಂದೂ ಅಂದೆ. ನಿನ್ನ ಮುಖದಲ್ಲಿ ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಚಾಪೆ ಸುತ್ತಿ ಗೋಡೆಗೆ ಒರಗಿಸಿ ಹೋದೆ. ಮಾರನೆಯ ದಿನ ಬಸ್ಸು ಹತ್ತಿದೆ ಎಂದು ಊರವರು ಹೇಳಿ ನನಗೆ ಗೊತ್ತಾಯಿತು.

ಆ ಚೌಕವನ್ನು ನಾನೇ ಬಿಚ್ಚಿ ಸರಿಮಾಡುತ್ತೇನೆಂದು ಜಂಬದಿಂದ ಮನೆಗೆ ತಂದಿದ್ದೆ. ಬಿಚ್ಚಲು ಹಿಂದೆ ತಿರುಗಿಸಿ ಗಂಟು ಹುಡುಕಿದೆ. ಬೆರಳಿಗೆ ಸಿಕ್ಕಿತು. ದಾರವನ್ನು ಬೆರಳಿಗೆ ಸುತ್ತಿ ಎಳೆದು, ಬಾಲವನ್ನು ಮತ್ತೆ ಹೊಲಿಗೆಯೊಳಗೇ ತೂರಿಸಿದ ಗಂಟು. ನಮ್ಮವ್ವ ನನಗೆ ಕಲಿಸಿದ್ದು. ಎಷ್ಟು ಹೇಳಿಕೊಟ್ಟರೂ ನಿನಗೆ ಬರಲಿಲ್ಲ. ನೀನು ಮೂಟೆ ಬಾಯಿ ಕಟ್ಟಿದಂತೆ ಗಂಟಿನ ಮೇಲೆ ಗಂಟು ಹಾಕಿ ಹಲ್ಲಿನಲ್ಲಿ ಕಡಿಯುವವಳು. ಈ ಊರಲ್ಲಿ ಆ ಗಂಟು ಹಾಕುವವಳು ನಾನೊಬ್ಬಳೇ.

ಎದ್ದು ಪೆಟ್ಟಿಗೆ ತೆಗೆದೆ. ಹೋದ ವರ್ಷದಿಂದ ನಾನು ಹೊಲಿದ ದಿಂಬಿನ ಚೀಲ, ಬಾಗಿಲ ತೋರಣ, ಎಲ್ಲರೂ ಬಾಯಿತುಂಬ ಹೊಗಳಿದವು, ಒಂದೊಂದನ್ನೂ ಹಿಂದೆ ತಿರುಗಿಸಿ ತಡವಿದೆ. ಎಲ್ಲದರಲ್ಲೂ ನಿನ್ನ ಮೂಟೆ ಗಂಟು. ಬುಧವಾರ ನನ್ನದನ್ನು ಕೊಂಡುಹೋಗಿ, ಬಿಚ್ಚಿ, ಹೊಸದಾಗಿ ಹೊಲಿದು, ಗುರುವಾರ ಚಾಪೆಗೆ ಹಾಕುತ್ತಿದ್ದೆ ನೀನು. ಈ ಸಲ ಉಣ್ಣೆ ಕತ್ತರಿಸುವವರು ನಿಮ್ಮ ಹಟ್ಟಿಗೆ ಬಂದಿದ್ದರು, ನಿನಗೆ ಕೈ ಬಿಡುವಾಗಲಿಲ್ಲ. ಅಷ್ಟೇ ಆದದ್ದು. ಒಂದು ವರ್ಷ ಹೊಗಳಿಕೆ ನಾನು ತಿಂದೆ, ಬೈಗುಳ ಮಾತ್ರ ನಿನಗೆ ಬಡಿಸಿದೆ.

ನಿನ್ನ ಮೇಲೆ ಸಿಟ್ಟೂ ಬಂತು, ಸುಳ್ಳು ಯಾಕೆ. ಮುಖಕ್ಕೆ ಹೇಳಬಾರದಿತ್ತಾ? ಹೇಳಿದ್ದರೆ ನಿನ್ನನ್ನು ಸುಮ್ಮನೆ ಬಿಡುತ್ತಿದ್ದೆನಾ, ಅದೂ ಇದೆ.

ನಿನ್ನೆ ಆ ಚೌಕವನ್ನು ಚಾಪೆಯ ಮೇಲೆ ಹಾಕಿ, ಇದು ಕಾಳಿಯದಲ್ಲ, ನನ್ನದು, ಎಂದೆ. ಯಾರೂ ಬೆಚ್ಚಿಬೀಳಲಿಲ್ಲ. "ಆಮಾ ಅತ್ತೆ, ತೆರಿಯುಂ," ಅಂದಳು ಶಶಿಕಲಾ, ತಲೆ ಎತ್ತದೆ. ಎಲ್ಲರಿಗೂ ಗೊತ್ತಿತ್ತಂತೆ. ಬಾಯಿ ಬಿಡಬಾರದೆಂದು ನೀನು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದೆಯಂತೆ. "ಅಕ್ಕನಿಗೆ ಸೂಜಿ ಬುಟ್ರೆ ಬ್ಯಾರೆ ಏನೈತೆ," ಅಂದಿದ್ದೆಯಂತೆ. ಅದನ್ನು ಕೇಳಿ ನಾನು ಗುಡಿ ಕಂಬದ ಕಡೆ ತಿರುಗಿ ಕೂತೆ.

ಕಾಳಿ, ತಪ್ಪಾಯಿತು. ಇದನ್ನು ಬರೆಯಲು ಮೂರನೇ ಕ್ಲಾಸು ಸಾಕು, ಬರೆದಿದ್ದೇನೆ. ಆದರೆ ಅಷ್ಟು ಜನರ ಎದುರು ಆಡಿದ್ದನ್ನು ಹೊಲಿಗೆಯಂತೆ ಬಿಚ್ಚಿಬಿಡಲು ಆಗುವುದಿಲ್ಲ. ಹೊಲಿಗೆ ಬಿಚ್ಚಿದರೂ ಬಟ್ಟೆಯಲ್ಲಿ ಸೂಜಿಯ ತೂತು ಉಳಿಯುತ್ತದಲ್ಲ. ನೀನು ಬಂದು ಆ ಖಾಲಿ ಚೌಕ ಹೊಲಿದು ಕೊಡು. ನಿನ್ನ ಮೂಟೆ ಗಂಟನ್ನೇ ಹಾಕು, ಎಲ್ಲರಿಗೂ ಕಾಣುವಂತೆ ಮೇಲ್ಗಡೆಗೇ ಹಾಕು. ಬರದಿದ್ದರೆ ಕೌದಿ ಆ ಸಂದಿಯ ಸಮೇತ ತೊಟ್ಟಿಲಿಗೆ ಹೋಗುತ್ತದೆ. ಯಾಕೆ ಹೀಗೆ ಎಂದು ವಾಣಿಯ ಅತ್ತೆಮನೆಯವರು ಕೇಳಿದರೆ ನಾನೇ ಎದ್ದು ನಿಂತು ಹೇಳುತ್ತೇನೆ.

ಗುರುವಾರ ಚಾಪೆ ಹಾಸುವುದು ಈಗ ನನ್ನ ಕೆಲಸ. ನೀನು ಕೂರುವ ಮೂಲೆಯಲ್ಲಿ ಯಾರನ್ನೂ ಕೂರಿಸಿಲ್ಲ.

ಇಂತಿ ನಿನ್ನ ಬಾಯಿಬಡುಕಿ ಅಕ್ಕ,
ಮುನಿವೆಂಕಟಮ್ಮ

ಇನ್ನೊಂದು ಮಾತು: ಅಕ್ಷರ ದೊಡ್ಡದು ಮಾಡಿದ್ದು ನಿನ್ನ ಕಣ್ಣಿಗಾಗಿ ಅಲ್ಲ. ಹತ್ತಿರದ್ದೇನೂ ನನಗೆ ಕಾಣುವುದಿಲ್ಲ. ಹರೂರಿನಲ್ಲಿ ಕನ್ನಡಕ ಮಾಡಿಸಬೇಕೆಂದು ವಾಣಿ ಹಟ ಹಿಡಿದಿದ್ದಾಳೆ, ಒಪ್ಪಿದೆ. ಬುಧವಾರ ಬಂದಾಗಲೆಲ್ಲ ನೀನು ದಾರ ಪೋಣಿಸಿದ ಸೂಜಿಗಳನ್ನು ಬಾಗಿಲ ಪಕ್ಕದ ಬಟ್ಟೆಗೆ ಚುಚ್ಚಿ ಹೋಗುತ್ತಿದ್ದೆ. ನಾನೂ ನೋಡದವಳಂತೆ ಇರುತ್ತಿದ್ದೆ. ಅವುಗಳಲ್ಲಿ ಒಂದೇ ಉಳಿದಿದೆ, ಹಸಿರು ದಾರದ್ದು. ಅದನ್ನು ಮುಟ್ಟಿಲ್ಲ.