ಅಪ್ಪಿಯ ಹೆಸರು ಹೇಳಿದೆ

೧೪ ಸೆಪ್ಟೆಂಬರ್ ೧೯೭೮, ಗುರುವಾರ. ಪುತ್ತೂರು.

ಬೆಳಿಗ್ಗೆ ಪಂಜಕ್ಕೆ ಹೊರಡಲು ಮನಸ್ಸೇ ಇರಲಿಲ್ಲ. ಸುವಾರ್ತೆಯ ಪುಸ್ತಕ ಹಿಡಿದು ನಾಲ್ಕು ವರ್ಷದಿಂದ ಅಲ್ಲಿ ಮನೆ ಮನೆ ತಿರುಗುತ್ತಿದ್ದೇನೆ. ಯಾರೂ ಬೈಯುವುದಿಲ್ಲ, ಟೀಚರ್ ಎಂದೇ ಕರೆಯುತ್ತಾರೆ. ಕುಡಿಯಲು ನೀರು, ಬೆಲ್ಲ ಕೊಡುತ್ತಾರೆ. ಯೇಸುವಿನ ಹೆಸರೆತ್ತಿದರೆ ಮಳೆಯ ಮಾತು ತೆಗೆಯುತ್ತಾರೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇವತ್ತೂ ಹಾಗೆಯೇ ತಿರುಗಿ ಬಂದು ಬಸ್ಸಿಗೆ ಕಾಯುತ್ತಿದ್ದೆ. ಕೂಲಿ ಕೆಲಸದ ಚೆನ್ನು ಓಡಿ ಬಂದಳು.

"ಟೀಚರೇ, ಅಮ್ಮನಿಗೆ ಸೌಖ್ಯ ಇಲ್ಲ. ನಿಮ್ಮನ್ನು ಕರೀತಾರೆ."

ಅವಳ ತಾಯಿ ಅಪ್ಪಿ ಚಾಪೆಯ ಮೇಲೆ ಮಲಗಿದ್ದಳು. ನಾನು ಅವಸರದಲ್ಲಿ ಚೀಲದಿಂದ ಪುಸ್ತಕ ತೆಗೆದೆ.

"ಅದು ಬೇಡ, ನನಗೆ ಓದ್ಲಿಕ್ಕೆ ಬರುದಿಲ್ಲ" ಎಂದಳು. "ದೈವಕ್ಕೆ ಹೇಳಿ ಆಯ್ತು. ನಿಮ್ಮ ದೇವರಿಗೂ ನನ್ನ ಹೆಸರು ಹೇಳಿ. ಅವರಿಗೆ ಹೇಳ್ಲಿಕ್ಕೆ ಈ ಊರಿಗೆ ಬರುದು ನೀವೊಬ್ಬರೇ ಅಲ್ವಾ?"

ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದುಕೊಂಡಿದ್ದೆ. ನಾನು ಯಾರ ಕಡೆಯವಳು ಎಂದು ಇವಳಿಗೆ ಗೊತ್ತಿತ್ತು.

ಅವಳ ಕೈ ಹಿಡಿದು ತುಳುವಿನಲ್ಲೇ ಪ್ರಾರ್ಥಿಸಿದೆ. ತನ್ನ ಹೆಸರು ಬಂದಾಗಲೆಲ್ಲ ಅಪ್ಪಿ "ಹೌದು, ನಾನೇ" ಎನ್ನುತ್ತಿದ್ದಳು. ನಗು ಬಂತು, ಅಳುವೂ ಬಂತು.

ಅವಳು ನಮ್ಮ ಚರ್ಚಿನ ಸಭೆಗೆ ಸೇರಲಾರಳು, ನಾನು ಕೇಳಲೂ ಇಲ್ಲ. ಹೆಮ್ಮೆ ಪಾಪ ಎನ್ನುತ್ತಾರೆ ಪಾದ್ರಿಗಳು. ಆದರೂ ಇವತ್ತು ಬಸ್ಸಿನಲ್ಲಿ ರಾಣಿಯ ಹಾಗೆ ಕೂತು ಬಂದೆ. ಶನಿವಾರ ಮೊದಲ ಬಸ್ಸಿಗೇ ಹೋಗಬೇಕು. ಅಪ್ಪಿಗೆ ಗಂಜಿ ಸೇರುವುದಿಲ್ಲವಂತೆ, ಸ್ವಲ್ಪ ಬ್ರೆಡ್ಡು ತೆಗೆದುಕೊಂಡು ಹೋಗುತ್ತೇನೆ.