ಕೆನ್ನೆಯ ಮೇಲಿನ ನಾಲ್ಕು ಬೆರಳು

ಸ್ಟುಡಿಯೋ ಗುಡ್ಡ
ಮರುಪ್ರಸಾರದ ಎಂಟನೆಯ ಸುತ್ತು, ಜಾಹೀರಾತು ಮಾಸದ ಮೂವತ್ತನಾಲ್ಕನೆಯ ದಿನ, ಇಳಿಹೊತ್ತು

ಅತ್ತೆ ಚಂಡಿಕಾದೇವಿಯಾಗಿ ನಟಿಸಿದ ಶ್ರೀಮತಿ ವಾರಿಜಾಕ್ಷಿಯವರಿಗೆ, ನಿಮ್ಮ ಮೇಕಪ್ ರೂಮಿನ ಕಾವಲುಗಾರ್ತಿ ಅಂಬುಜೆ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನೀವು ಹೋಗಿ ಎಷ್ಟು ತಲೆಮಾರು ಕಳೆಯಿತೆಂದು ಇಲ್ಲಿ ಯಾರಿಗೂ ತಿಳಿಯದು. ಕ್ಯಾಲೆಂಡರುಗಳೆಲ್ಲ ಸುಟ್ಟುಹೋದ ಮೇಲೆ ನಮ್ಮವರು ನಿಮ್ಮ ಧಾರಾವಾಹಿಯ ಕಂತುಗಳನ್ನೇ ದಿನಗಳೆಂದು ಎಣಿಸುತ್ತಾ ಬಂದಿದ್ದಾರೆ. ಎಲ್ಲ ಕಂತು ಮುಗಿದು ಮತ್ತೆ ಮೊದಲಿನಿಂದ ಶುರುವಾದರೆ ಒಂದು ಸುತ್ತು. ನಡುವೆ ಬರುವ ಜಾಹೀರಾತು ಮಾಸದಲ್ಲಿ ಯಾರೂ ಯಾರನ್ನೂ ಕೊಲ್ಲುವಂತಿಲ್ಲ. ಆ ನೇಮವನ್ನು ಈ ಸಲ ಮುರಿದರು. ನನ್ನ ಮಾತಿನಲ್ಲಿ ನಿಮಗೆ ಒಗ್ಗದ ಪದಗಳು ನುಸುಳಿದರೆ ಮನ್ನಿಸಿ. ನನ್ನ ಕನ್ನಡ ನಿಮ್ಮ ಡೈಲಾಗು ಕೇಳಿಯೇ ಕಲಿತದ್ದು, ಆದ್ದರಿಂದ ತಪ್ಪಿದ್ದರೆ ಅರ್ಧ ನಿಮ್ಮದು. ಸಿಟ್ಟು ಮಾತ್ರ ಪೂರ್ತಿ ನನ್ನದೇ.

ಹೊತ್ತು ಮುಳುಗುವುದರೊಳಗೆ ಈ ಕೋಣೆಗೆ ಬೆಂಕಿ ಇಡುತ್ತಾರೆ. ಒಳಗಿನಿಂದ ಚಿಲಕ ಹಾಕಿಕೊಂಡು, ನಿಮ್ಮ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ. ನಮ್ಮ ಅಜ್ಜಿ, ಅಮ್ಮ, ಆಮೇಲೆ ನಾನು ಮತ್ತು ನನ್ನ ತಮ್ಮ ದೊರೆಸ್ವಾಮಿ ಒರೆಸಿ, ಗುಡಿಸಿ, ಗೆದ್ದಲು ಹಿಡಿಯದಂತೆ ಕಾದು ಉಳಿಸಿಕೊಂಡು ಬಂದ ಕೋಣೆ ಇದು. ಕನ್ನಡಿಯ ಸುತ್ತಿನ ಬಲ್ಬುಗಳಲ್ಲಿ ಒಂದೂ ಒಡೆದಿಲ್ಲ. ನಿಮ್ಮ ಸವರಿಕೂದಲನ್ನು ಅಮಾವಾಸ್ಯೆಗೊಮ್ಮೆ ಬಾಚುತ್ತೇನೆ. ಕನ್ನಡಿಯ ಅಂಚಿಗೆ ನೀವು ಅಂಟಿಸಿ ಮರೆತುಹೋದ ಬೊಟ್ಟುಗಳು ಇಂದಿಗೂ ಅಲ್ಲಲ್ಲೇ ಇವೆ. ಅವುಗಳ ಮೇಲೆ ನನಗೆ ಎಷ್ಟು ಪ್ರೀತಿ ಎಂದರೆ, ಈಗ ಕಿತ್ತು ಸೆರಗಿಗೆ ಕಟ್ಟಿಕೊಳ್ಳೋಣವೆಂದರೂ ಕೈ ಬರುತ್ತಿಲ್ಲ.

ನಮ್ಮ ಲೋಕದ ರೀತಿಯನ್ನು ಸ್ವಲ್ಪ ಹೇಳಿಬಿಡುತ್ತೇನೆ. ಊರುಗಳು ಉರಿದಾಗ ನಮ್ಮ ಪೂರ್ವಿಕರು ಇಲ್ಲಿಗೆ ಓಡಿಬಂದರು. ಶೂಟಿಂಗ್ ಫ್ಲೋರಿನ ದಪ್ಪ ಗೋಡೆಗಳು ಬಿಸಿಲು ತಡೆಯುತ್ತಿದ್ದವು, ಎರಡು ತೊಟ್ಟಿಗಳಲ್ಲಿ ನೀರಿತ್ತು. ಬಿಂಬಗೋಡೆಯೂ ಇತ್ತು. ಬಿಸಿಲು ಕುಡಿದು ಬೆಳಗುವ ದೊಡ್ಡ ಪರದೆ ಅದು. ಅದರೊಳಗೆ ಉಳಿದಿದ್ದದ್ದು ನಿಮ್ಮ ಕಥೆಯೊಂದೇ. ಮೊದಲು ಬಂದವರಿಗೆ ಇದು ನಟನೆ ಎಂದು ಗೊತ್ತಿತ್ತು, ಬೈದುಕೊಂಡು ನೋಡಿದರು. ಅವರ ಮೊಮ್ಮಕ್ಕಳ ಹೊತ್ತಿಗೆ ಅದು ನಮ್ಮ ವಂಶದ ಚರಿತ್ರೆಯಾಗಿ ಹೋಗಿತ್ತು. ಪಶ್ಚಿಮದ ತೊಟ್ಟಿಯವರು ಅತ್ತೆ ಬಣ, ಪೂರ್ವದವರು ಸೊಸೆ ಬಣ. ನಿಜ ಹೇಳಬೇಕೆಂದರೆ ಜಗಳವೆಲ್ಲ ನೀರಿನದು. ಆದರೆ ಎರಡು ಕೊಡ ನೀರಿಗಾಗಿ ಮಗನನ್ನು ಕಳೆದುಕೊಂಡೆ ಎನ್ನಲು ಯಾವ ತಾಯಿಗೆ ನಾಲಿಗೆ ಏಳುತ್ತದೆ? ಸೊಸೆಯ ಮಾನಕ್ಕಾಗಿ ಸತ್ತ ಎಂದರೆ ಕೇಳಲು ಚೆನ್ನಾಗಿರುತ್ತದೆ.

ಈ ಕೋಣೆಯನ್ನು ಎರಡೂ ಬಣದವರು ಅಂತಃಪುರ ಎನ್ನುತ್ತಾರೆ. ಬಾಗಿಲ ಮೇಲೆ ವಾರಿಜಾಕ್ಷಿ, ಹಿಮಜಾ ಎಂದು ಎರಡು ಹೆಸರುಗಳಿವೆಯಲ್ಲ, ಅವು ಚಂಡಿಕಾದೇವಿಗೂ ಸೊಸೆ ಮೃದುಲಾಳಿಗೂ ತವರಿನಲ್ಲಿ ಇಟ್ಟಿದ್ದ ಹೆಸರುಗಳು, ಮದುವೆಯಾದ ಮೇಲೆ ಬದಲಾದವು ಎಂದು ನಮ್ಮ ಹಿರಿಯರು ತೀರ್ಮಾನಿಸಿದ್ದರು. ಅಷ್ಟು ದ್ವೇಷವಿದ್ದವರು ಒಂದೇ ಕೋಣೆಯಲ್ಲಿ ಹೇಗಿದ್ದರು ಎಂದು ಕೇಳಿದರೆ, ಅತ್ತೆ ಸೊಸೆಯನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡಿದ್ದಳು ಎನ್ನುತ್ತಿದ್ದರು. ಎಲ್ಲಕ್ಕೂ ಉತ್ತರ ಸಿದ್ಧ. ಯಾವ ಬಣಕ್ಕೂ ಸೇರದ ನಮ್ಮ ಮನೆತನದವರಿಗೆ ಮಾತ್ರ ಒಳಗೆ ಬರುವ ಹಕ್ಕು. ಉಳಿದವರು ಹೊಸ್ತಿಲಾಚೆ ನಿಂತು ಕೈಮುಗಿದು, ರಾಗಿ ಇಟ್ಟು ಹೋಗುತ್ತಾರೆ.

ಎಲ್ಲಕ್ಕೂ ಮೂಲ ಆ ಪಾಯಸದ ಕಂತು. ನಿಮಗೆ ನೆನಪಿರುತ್ತದೆ: ಸೊಸೆ ದೇವರ ಪಾಯಸ ಚೆಲ್ಲಿದಳೆಂದು ನೀವು ಅವಳ ಕೆನ್ನೆಗೆ ಹೊಡೆಯುತ್ತೀರಿ. ಏಟು ಮೂರು ಸಲ ಬೀಳುತ್ತದೆ. ಒಮ್ಮೆ ಎಡಗಡೆಯಿಂದ ಕಾಣುತ್ತದೆ, ಒಮ್ಮೆ ಬಲಗಡೆಯಿಂದ, ಇನ್ನೊಮ್ಮೆ ಮೇಲಿನಿಂದ. ಪ್ರತಿ ಸಲವೂ ಸಿಡಿಲು ಹೊಡೆಯುತ್ತದೆ. ನಡುವೆ ಮಾವ, ಮೈದುನ, ನಾದಿನಿ, ಅಡುಗೆಯವಳು ಒಬ್ಬೊಬ್ಬರಾಗಿ ಬಾಯಿ ತೆರೆದು ಮುಖ ತಿರುಗಿಸುತ್ತಾರೆ. ಟೀ ಕುಡಿಯಲು ಎದ್ದುಹೋದವರಿಗೂ ಏಟು ತಪ್ಪದಿರಲಿ ಎಂದು ನಿಮ್ಮವರು ಹಾಗೆ ತೋರಿಸುತ್ತಿದ್ದರೋ ಏನೋ. ನಮ್ಮವರು ಅದನ್ನೇ ಕಾನೂನು ಮಾಡಿಕೊಂಡರು. ಇದಕ್ಕೆ ಮುಮ್ಮಡಿ ಎಂದು ಹೆಸರು. ಏಟು ಯಾವುದೇ ಇರಲಿ, ಮೂರು ಬಿದ್ದರೇ ಅದು ನ್ಯಾಯವಾದ ಏಟು. ಮಗು ಹಾಲು ಚೆಲ್ಲಿದರೂ ಮೂರು, ಚೂರಿಯಿಂದ ಇರಿದರೂ ಮೂರು. ನಡುವೆ ಒಬ್ಬ ತಮಟೆ ಬಾರಿಸುತ್ತಾನೆ, ಕೂಡಿದವರೆಲ್ಲ ಸರದಿಯಂತೆ ಮುಖ ತಿರುಗಿಸುತ್ತಾರೆ. ಸೊಸೆ ಬಣದ ಯಜಮಾನಿ ಭದ್ರಮ್ಮನ ಹಿರಿಯ ಮಗ ತೊಟ್ಟಿಯ ಬಳಿ ಕಲ್ಲೇಟು ತಿಂದು, ಎದ್ದು ಕೂತು ತಲೆ ಒರೆಸಿಕೊಳ್ಳುತ್ತಿದ್ದ. ಇನ್ನೆರಡು ಬಾಕಿಯಿದೆ ಎಂದು ಅತ್ತೆ ಬಣದವರು ಅವನ ತೋಳು ಹಿಡಿದು ಅಲ್ಲೇ ಕೂರಿಸಿದರು. ಅವನ ತಲೆ ಉಳಿಯಲಿಲ್ಲ. ಪ್ರತಿಯಾಗಿ ಸೊಸೆ ಬಣದವರು ಅತ್ತೆ ಬಣದ ಯಜಮಾನ ಈರಣ್ಣನ ತಮ್ಮನಿಗೆ ಮಚ್ಚಿನಲ್ಲಿ ಮುಮ್ಮಡಿ ಮುಗಿಸಿದರು. ಭದ್ರಮ್ಮನ ಕಿರಿಮಗ ಮರುವಾರ ಹೋದ. ಹೀಗೆ ಸಾಗಿದೆ.

ಈ ತಿಂಗಳು, ಸೊಸೆಯಾಗಿ ನಟಿಸಿದ ಹಿಮಜಾ ಅವರ ಕನ್ನಡಿಯ ಕೆಳಗಿನ ಡ್ರಾಯರಿಗೆ ಗೆದ್ದಲು ಹತ್ತಿತು. ಅದನ್ನು ಪೂರ್ತಿ ಹೊರಗೆಳೆದಾಗ ಹಿಂದೆ ಬಿದ್ದಿದ್ದ ತಗಡಿನ ಡಬ್ಬಿ ಸಿಕ್ಕಿತು. ಒಳಗೆ ನಾಲ್ಕು ಬೆರಳಿನ ಆಕಾರಕ್ಕೆ ಕತ್ತರಿಸಿದ ಸ್ಪಂಜು, ಒಣಗಿದ ಕೆಂಪು ಬಣ್ಣ. ಉಂಗುರದ ಬೆರಳಿನ ಜಾಗದಲ್ಲಿ ಅಡ್ಡಲಾಗಿ ಒಂದು ಸೀಳು. ಪಾಯಸದ ಕಂತಿನಲ್ಲಿ ಸೊಸೆಯ ಕೆನ್ನೆ ಪರದೆ ತುಂಬ ಕಾಣುತ್ತದಲ್ಲ, ಅಲ್ಲಿಯೂ ಮೂರನೆಯ ಬೆರಳ ಗುರುತು ಅದೇ ಜಾಗದಲ್ಲಿ ತುಂಡಾಗಿದೆ. ಹುಟ್ಟಿದಾಗಿನಿಂದ ನೋಡಿದ ಗುರುತು ಅದು, ನಮ್ಮಮ್ಮನ ಮುಖಕ್ಕಿಂತ ಚೆನ್ನಾಗಿ ಬಲ್ಲೆ. ತಮ್ಮ ದೊರೆ ಬಣ್ಣಕ್ಕೆ ನೀರು ಹನಿಸಿ, ಸ್ಪಂಜು ಅದ್ದಿ ತನ್ನ ಕೆನ್ನೆಗೆ ಒತ್ತಿಕೊಂಡ. ತಿರುಗಿದಾಗ ಸೊಸೆಯ ಕೆನ್ನೆ ಅವನ ಮುಖದ ಮೇಲಿತ್ತು. ನನಗೆ ನಗು ಬಂತು. ಅವನು ನಗಲಿಲ್ಲ.

“ಅಕ್ಕಾ, ಯಾರೂ ಹೊಡ್ದೇ ಇಲ್ಲ ಕಣಕ್ಕ. ಬಣ್ಣ ಬಳ್ದಿದ್ದು. ಇಷ್ಟಕ್ಕಾ ಇಷ್ಟು ಜನ ಸತ್ತಿದ್ದು?” ಎಂದ.

ಈಗಲೇ ಬೇಡ, ಯೋಚಿಸೋಣ ಎಂದೆ. ಜಾಹೀರಾತು ಮಾಸ, ಯಾರೂ ಕೈ ಎತ್ತುವಂತಿಲ್ಲ, ಹೇಳುವುದಾದರೆ ಈಗಲೇ ಹೇಳಬೇಕು ಎಂಬುದು ಅವನ ಲೆಕ್ಕ. ಕೆನ್ನೆಯ ಗುರುತನ್ನೂ ಒರೆಸಿಕೊಳ್ಳದೆ ಬಯಲಿಗೆ ಹೋದ. ಮಧ್ಯಾಹ್ನ ಎರಡೂ ಬಣದವರು ಬಿಂಬಗೋಡೆಯ ನೆರಳಿನಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದರು. ಅವನು ಎಲ್ಲರ ನಡುವೆ ನಿಂತು, ಸ್ಪಂಜು ತೋರಿಸಿ, ತನ್ನ ಇನ್ನೊಂದು ಕೆನ್ನೆಗೂ ಒತ್ತಿಕೊಂಡು ವಿವರಿಸಿದ. ಕೆಲವರು ನಕ್ಕರು. ಈರಣ್ಣ ತುತ್ತು ಕೆಳಗಿಟ್ಟು ಸ್ಪಂಜನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಅವನಿಗೆ ಅರ್ಥವಾಯಿತು. ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು, ಅಮ್ಮಾ. ಅರ್ಥವಾಗದೆ ಕೊಂದರು ಎಂದು ನಾನು ಯಾರನ್ನೂ ಹೇಳಲು ಬಿಡುವುದಿಲ್ಲ.

ಭದ್ರಮ್ಮ ಎದ್ದು ಬಂದಳು. “ಹಂಗಾದ್ರೆ ನನ್ನ ಮಕ್ಳಿಬ್ರೂ ಬಣ್ಣಕ್ಕೆ ಸತ್ರೇನೋ?” ಎಂದು ಕೇಳಿದಳು. ದೊರೆ ತಲೆ ತಗ್ಗಿಸಿ, “ಹೌದು ಭದ್ರಮ್ಮ. ಇನ್ಮೇಲಾದ್ರೂ ಬ್ಯಾಡ” ಎಂದ. ಅವಳು ಸೊಂಟದ ಚೂರಿ ತೆಗೆದು ಅವನ ಪಕ್ಕೆಗೆ ಇರಿದಳು.

ಅವನು ಕುಸಿದು ಕೂತ. ಪಕ್ಕೆ ಒತ್ತಿ ಹಿಡಿದುಕೊಂಡು ನನ್ನತ್ತ ನೋಡಿ, “ಏನೂ ಆಗಿಲ್ಲಕ್ಕ, ಒಂದು ಬಟ್ಟೆ ಕೊಡು” ಎಂದ. ನಾನು ಸೆರಗು ಹರಿದುಕೊಂಡು ಓಡಿದೆ. ರಕ್ತ ಬರುತ್ತಿತ್ತು, ಆದರೆ ಚಿಮ್ಮುತ್ತಿರಲಿಲ್ಲ. ಇಂಥ ಗಾಯ ಕಟ್ಟಿ ಬದುಕಿಸಿದ್ದನ್ನು ಅಮ್ಮನ ಕಾಲದಲ್ಲಿ ನಾನೇ ಕಂಡಿದ್ದೇನೆ. ಅಷ್ಟರಲ್ಲಿ ತಮಟೆ ಬಡಿಯಿತು. ಜನ ಒಬ್ಬೊಬ್ಬರಾಗಿ ಮುಖ ತಿರುಗಿಸಲು ಶುರುಮಾಡಿದರು. ನನ್ನನ್ನು ಹಿಡಿದುಕೊಂಡದ್ದು ಅತ್ತೆ ಬಣದವರು. ದೊರೆಯ ತೋಳು ಹಿಡಿದವನು ಈರಣ್ಣ, ಯಾರ ತಮ್ಮನನ್ನು ಭದ್ರಮ್ಮನ ಕಡೆಯವರು ಕೊಚ್ಚಿದ್ದರೋ ಅದೇ ಈರಣ್ಣ, ಭದ್ರಮ್ಮನಿಗೆ ಅನುಕೂಲವಾಗಲೆಂದು ಹಿಡಿದುಕೊಟ್ಟ. ಎಲ್ಲ ಮುಖಗಳೂ ತಿರುಗಿ ಮುಗಿಯುವವರೆಗೆ ಅವಳು ಚೂರಿ ಹಿಡಿದು ಕಾದಳು. ಎರಡನೆಯದು ಹೊಟ್ಟೆಗೆ. ಮತ್ತೆ ತಮಟೆ, ಮತ್ತೆ ಮುಖಗಳು. ಮೂರನೆಯದು ಕುತ್ತಿಗೆಗೆ. ನಾನು ಕೂಗಿದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ತಲೆಮಾರುಗಳಿಂದ ಒಂದು ಕೊಡ ನೀರಿಗೂ ಒಪ್ಪಂದವಾಗದವರು ಆ ಸಂಜೆಯೇ ಒಂದಾದರು. ಸ್ಪಂಜನ್ನು ಸುಟ್ಟರು. ಕೋಣೆಯನ್ನೂ ಸುಡಬೇಕು, ಒಳಗೆ ಇನ್ನೇನೇನು ಇದೆಯೋ ಎಂದರು. ಅದಕ್ಕೆ ಬೇಕಾದ ಹರಳೆಣ್ಣೆಯನ್ನು ಅರ್ಧರ್ಧ ಹಂಚಿಕೊಂಡಿದ್ದಾರೆ. ಕೋಣೆ ಸುಟ್ಟ ಮಾರನೆಯ ದಿನದಿಂದ ಮತ್ತೆ ಕಾದಾಡುತ್ತಾರಂತೆ, ಈಗ ಅವರಿಗೆ ಯಾವ ಅನುಮಾನವೂ ಉಳಿದಿರುವುದಿಲ್ಲವಲ್ಲ. ನನ್ನ ಮಡಿಲಲ್ಲಿ ಮಚ್ಚಿದೆ. ಬಾಗಿಲು ಒಡೆದು ಮೊದಲು ಬರುವವರು ನನ್ನ ಕೈಯಿಂದ ಒಂದು ಏಟು ಖಂಡಿತ ತಿನ್ನುತ್ತಾರೆ. ಎರಡನೆಯದನ್ನು ನಾನು ಹೊಡೆಯುವುದಿಲ್ಲ.

ಕಾಗದ ಹಿಂದಕ್ಕೆ, ನಿಮ್ಮ ಕಾಲಕ್ಕೆ, ಹೇಗೆ ಹೋಗುತ್ತದೋ ನಾನರಿಯೆ. ನೀವು ಬೆಳಗ್ಗೆ ಎದ್ದು ಬಂದು ಕೂರುವ ಕನ್ನಡಿಯ ಹಿಂದೆ ಸಿಕ್ಕಿಸುತ್ತೇನೆ. ಇದು ನಟನೆ ಎಂದು ಗೋಡೆಯ ಮೇಲೆ ಬರೆದಿಡಿ ಎಂದು ಕೇಳೋಣವೆಂದುಕೊಂಡಿದ್ದೆ, ಬಿಟ್ಟೆ. ನಿಜ ಗೊತ್ತಾದಾಗ ನಮ್ಮವರು ಏನು ಮಾಡಿದರೆಂದು ಈಗಷ್ಟೇ ಹೇಳಿದೆನಲ್ಲ. ಕೋಣೆಯನ್ನು ಉಳಿಸಿ ಎಂದೂ ಕೇಳುವುದಿಲ್ಲ. ಅದು ನನ್ನ ಕೆಲಸವಾಗಿತ್ತು, ಆದಷ್ಟು ಮಾಡಿದೆ. ಕಥೆಯಲ್ಲಿ ಸೊಸೆಯನ್ನು ಹೊಡೆಯಲೇಬೇಕಾದರೆ ಹೊಡೆಯಿರಿ. ಆದರೆ ಆ ದಿನ ಶಾಟ್ ಮುಗಿದ ಮೇಲೆ, ಬಣ್ಣ ತೆಗೆಯುವ ಮೊದಲು, ಎಡಿಟಿಂಗ್ ಮಾಡುವವರ ಬಳಿ ಹೋಗಿ, ಚಂಡಿಕಾದೇವಿಯ ಗಂಟಲಿನಲ್ಲೇ ಗದರಿಸಿ, ಆ ಏಟನ್ನು ಒಂದೇ ಸಲ ತೋರಿಸಿ ಎಂದು ಹೇಳಿ. ಜನ ಕೇಳುತ್ತಾರೆ, ರೇಟಿಂಗ್ ಬರುತ್ತದೆ ಎಂದು ಅವರು ವಾದಿಸಿದರೆ ಬಗ್ಗಬೇಡಿ. ನಿಮ್ಮ ಕಾಲು ಹಿಡಿಯುತ್ತೇನೆ ತಾಯೀ. ಮೊದಲ ಏಟಿಗೆ ನನ್ನ ತಮ್ಮ ಸತ್ತಿರಲಿಲ್ಲ.

ಇಂತಿ,
ಅಂಬುಜೆ