ಕ್ಯಾಮೆರಾದ ತುರಾಯಿ

ರಾಣೇಬೆನ್ನೂರು
೧೩ ಮಾರ್ಚ್ ೨೦೨೫, ಗುರುವಾರ

ನಿರ್ಮಲಾಗೆ,

ಮೊದಲಿಗೆ ಆಶೀರ್ವಾದ ಬರೆಯಬೇಕೋ ನಮಸ್ಕಾರ ಬರೆಯಬೇಕೋ ತಿಳಿಯದೆ ಬರೀ ಹೆಸರು ಬರೆದಿದ್ದೇನೆ. ನಾಲ್ಕು ತಿಂಗಳಿಂದ ತವರಿನಲ್ಲಿ ಕೂತ ಹೆಂಡತಿಗೆ ಹೇಗೆ ಬರೆಯಬೇಕೆಂದು ನನಗೆ ಯಾರೂ ಕಲಿಸಿಲ್ಲ. ಫೋನ್ ಮಾಡಿದರೆ ನಿನ್ನ ತಮ್ಮ ಪ್ರವೀಣಕುಮಾರ ಎತ್ತಿ, "ಅಕ್ಕ ಮಲಗ್ಯಾಳ್ರಿ ಮಾಮಾ" ಎನ್ನುತ್ತಾನೆ. ಬೆಳಿಗ್ಗೆ ಹನ್ನೊಂದಕ್ಕೂ ಮಲಗಿರುತ್ತೀ, ಸಂಜೆ ಐದಕ್ಕೂ ಮಲಗಿರುತ್ತೀ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನೀನು ಹಗಲು ಮಲಗಿದ್ದನ್ನು ನಾನಂತೂ ನೋಡಿಲ್ಲ. ಬ್ಯಾಡಗಿಯ ಗಾಳಿಯಲ್ಲಿ ಮೆಣಸಿನಕಾಯಿ ಘಾಟಿನ ಜೊತೆ ನಿದ್ದೆಯೂ ಬೆರೆತಿದೆಯೋ ಏನೋ.

ಇರಲಿ. ತುರಾಯಿ ಕಳಿಸು.

ಅಪ್ಪನ ಹಳೇ ಕ್ಯಾಮೆರಾದ ನೆತ್ತಿಗೆ ಸಿಕ್ಕಿಸುವ ಚಿಕ್ಕ ವ್ಯೂಫೈಂಡರಿಗೆ ತುರಾಯಿ ಎಂದು ಹೆಸರಿಟ್ಟವಳೇ ನೀನು. ನೀನು ಹೋದ ದಿನದಿಂದ ಅದು ಕಾಣುತ್ತಿಲ್ಲ. ಅದರ ಚರ್ಮದ ಡಬ್ಬಿ ಕಪಾಟಿನಲ್ಲಿದೆ, ಒಳಗೆ ಏನೂ ಇಲ್ಲ. ಈ ಮನೆಯಲ್ಲಿದ್ದವರು ನಾವಿಬ್ಬರೇ. ನಾನು ತೆಗೆದಿಲ್ಲ. ಹಾಗಾದರೆ ಯಾರು ಒಯ್ದರು ಎಂದು ನಾನು ಬಾಯಿಬಿಟ್ಟು ಹೇಳಬೇಕೇ?

ಅದಿಲ್ಲದೆ ನನ್ನ ಪಾಡು ಏನಾಗಿದೆ ಕೇಳು. ಆ ಅಗಲ ಲೆನ್ಸು ಹಾಕಿದರೆ ಲೆನ್ಸಿಗೆ ಕಂಡಷ್ಟು ಕ್ಯಾಮೆರಾದ ಸ್ವಂತ ಕಿಂಡಿಗೆ ಕಾಣುವುದಿಲ್ಲ. ಕಿಂಡಿಯಲ್ಲಿ ದೂರ ಹೊಂದಿಸಿಕೊಂಡು, ಆಮೇಲೆ ಕಣ್ಣನ್ನು ತುರಾಯಿಗೆ ಹಚ್ಚಿ, ಯಾರ್ಯಾರು ಒಳಗೆ ಬರುತ್ತಾರೆಂದು ನೋಡಿ ಒತ್ತಬೇಕು. ಈಗ ಆ ಎರಡನೆಯ ಕೆಲಸವನ್ನು ಅಂದಾಜಿನ ಮೇಲೆ ಮಾಡುತ್ತಿದ್ದೇನೆ. ಹೋದ ಭಾನುವಾರ ಪಕ್ಕದ ಮನೆಯ ರೇಣುಕವ್ವನನ್ನೂ ಅವಳ ಇಬ್ಬರು ಸೊಸೆಯರನ್ನೂ ಕಟ್ಟೆಯ ಮೇಲೆ ಕೂರಿಸಿ ಪರೀಕ್ಷೆ ಮಾಡಿದೆ. ಫಿಲ್ಮ್ ತೊಳೆದು ನೋಡಿದರೆ ಮೂವರಿಗೂ ಕುತ್ತಿಗೆಯಿಂದ ಮೇಲೆ ಏನೂ ಇಲ್ಲ. ರೇಣುಕವ್ವ ಫೋಟೋ ಹಿಡಿದುಕೊಂಡು, "ಚಪ್ಪಲಿ ಭಾಳ ಛಂದ ಬಂದಾವು ನೋಡಪಾ. ಮಾರಿ ಯಾವಾಗ ತಗೀತಿ?" ಎಂದಳು. ಫೋಟೋಗಳಿಗೆ ಕಟ್ಟು ಹಾಕುವ ಕಾಸೀಮಸಾಬ ಎದುರಿನ ತನ್ನ ಅಂಗಡಿಯಿಂದಲೇ ಹೊಟ್ಟೆ ಹಿಡಿದುಕೊಂಡು ನಕ್ಕ. ಲಗ್ನಪತ್ರಿಕೆಯ ರಟ್ಟಿಗೆ ಚೌಕ ಕೊರೆದು, ರಬ್ಬರ್ ಸುತ್ತಿ ನಾನೇ ಒಂದು ತುರಾಯಿ ಮಾಡಿದೆ. ಅದು ಒಂದು ಸಲ ಬಲಕ್ಕೆ ವಾಲಿತು, ಇನ್ನೊಂದು ಸಲ ಎಡಕ್ಕೆ. ಮೂರನೆಯ ಸಲ ನಾನೇ ಕಿತ್ತು ಒಲೆಗೆ ಹಾಕಿದೆ.

ಇದೆಲ್ಲ ಸೋಮವಾರದ ಸಲುವಾಗಿ. ಕರ್ಜಗಿಯ ಅರುಣಾ ನೆನಪಿದ್ದಾಳಲ್ಲ, ನಾವು ಅವಳ ಕೂಸಿನ ಹೆಸರಿಡುವ ದಿನ ಫೋಟೋ ತೆಗೆಯಲು ಹೋಗಿದ್ದೆವು. ಕೂಸಿಗೆ ಐದು ತಿಂಗಳು ನಡೆದಿದೆ. ಸೋಮವಾರ ತೊಟ್ಟಿಲ ಸಮೇತ ಬಾಣಂತಿಯನ್ನು ಗಂಡನ ಮನೆಗೆ ಕಳಿಸುತ್ತಾರೆ. ಆ ಐದು ತಲೆಮಾರು, ಅಂದರೆ ಗದಿಗೆವ್ವ, ಅವಳ ಮಗಳು, ಮೊಮ್ಮಗಳು, ಮರಿಮಗಳು ಅರುಣಾ ಮತ್ತು ಆ ಕೂಸು, ಮತ್ತೆ ಒಂದು ಕಡೆ ಸೇರುವುದು ಅವತ್ತೇ. ಹೆಣ್ಣುಮಕ್ಕಳ ಸಾಲು, ಒಬ್ಬೊಬ್ಬರನ್ನು ಒಂದೊಂದು ಊರಿಗೆ ಕೊಟ್ಟಿದ್ದಾರೆ. ತೊಂಬತ್ತು ದಾಟಿದ ಗದಿಗೆವ್ವ ಮೂರನೆಯ ಸಲ ಸಿಗುತ್ತಾಳೆಂದು ಯಾರು ಹೇಳಬೇಕು? ಅವಳೂ ಅವಳ ಗಂಡನೂ ಕೂಡಿ ತೆಗೆಸಿಕೊಂಡ ಒಂದೇ ಒಂದು ಫೋಟೋ ನಮ್ಮಪ್ಪ ಇದೇ ಕ್ಯಾಮೆರಾದಲ್ಲಿ ತೆಗೆದದ್ದು. ಅದಕ್ಕೇ ಮುದುಕಿಗೆ ಇದೇ ಕ್ಯಾಮೆರಾ ಆಗಬೇಕು. ತೊಟ್ಟಿಲು ಬಿಚ್ಚುವ ಮೊದಲು, ಅದೇ ಬಾಣಂತಿ ಕೋಣೆಯಲ್ಲಿ ತೆಗೆಯಬೇಕು. ಅಲ್ಲಿ ನನ್ನ ಬೆನ್ನು ಗೋಡೆಗೆ ಹತ್ತಿದರೂ ಅಗಲ ಲೆನ್ಸಿಲ್ಲದೆ ಮೂರು ಜನರ ಮೇಲೆ ಹಿಡಿಸುವುದಿಲ್ಲ. ಹಾಗಾಗಿ ತುರಾಯಿ ಬೇಕು. ನಿನ್ನ ಸಿಟ್ಟು ನಿನ್ನ ಹತ್ತಿರವೇ ಇರಲಿ, ಅದನ್ನೊಂದು ಕಳಿಸು.

ಇಷ್ಟು ಬರೆದು ಚಹಾ ಮಾಡಿಕೊಂಡೆ. ಸಕ್ಕರೆ ಹಾಕಲು ಮರೆತೆ. ಕಪ್ಪು ಹಾಗೇ ಇದೆ.

ಒಂದು ಮಾತು ಮೇಲೆ ಬಿಟ್ಟಿದ್ದೇನೆ. ನಿನ್ನೆ ಸಮಯ ಗೊತ್ತು ಮಾಡಿಕೊಳ್ಳಲು ಕರ್ಜಗಿಗೆ ಹೋಗಿದ್ದೆ. ಗದಿಗೆವ್ವ ಆಗಲೇ ಬಂದು ಕೂತಿದ್ದಳು. ನನ್ನ ಹಿಂದೆ ಬಾಗಿಲ ಕಡೆ ನೋಡಿ, "ಹುರಿ ಹಿಡದು ಅಳತಿ ಹೇಳತಿತ್ತಲ್ಲ, ಆ ಹೆಣ್ಣಮಗಳ ಎಲ್ಲಿ?" ಎಂದು ಕೇಳಿದಳು. ತವರಿಗೆ ಹೋಗಿದ್ದಾಳೆ ಎಂದೆ. ಮುದುಕಿ ಬಿಡಲಿಲ್ಲ. "ಫೋಟೋ ಕೆಡಿಸಿದಾಕಿ ಆಕಿನ ಅಂತ ಎಲ್ಲಾರ ಮುಂದ ಹೇಳೀಯಂತ. ನಾ ಅಲ್ಲೇ ಕುಂತಿದ್ದೆ. ಆಕಿ ಕ್ಯಾಮೆರಾ ಮುಟ್ಟೇ ಇಲ್ಲ. ಆಕಿ ಬರಲಿ. ಬರಲಿಲ್ಲಂದ್ರ ನಾ ಕುಂದ್ರೂದಿಲ್ಲ." ಅರುಣಾ ಕೂಸಿಗೆ ಟೊಪ್ಪಿಗೆ ಹಾಕುವ ನೆಪದಲ್ಲಿ ಮುಖ ಆಚೆ ತಿರುಗಿಸಿದಳು. ನನಗೆ ಚಪ್ಪಲಿ ಮೆಟ್ಟಿಕೊಂಡು ಅಂಗಳ ದಾಟುವುದೇ ಕಷ್ಟವಾಯಿತು.

ನೀನು ಕ್ಯಾಮೆರಾದ ಬೆನ್ನು ತೆಗೆದು ಫಿಲ್ಮಿಗೆ ಬೆಳಕು ಬೀಳಿಸಿದೆ ಎಂದು ನಾನು ಕರ್ಜಗಿಯವರಿಗೂ ಹೇಳಿದೆ, ನಿನ್ನ ತಮ್ಮನಿಗೂ ಹೇಳಿದೆ. ನೀನು ಅಳಲಿಲ್ಲ, ಜಗಳವಾಡಲಿಲ್ಲ. "ಫಿಲ್ಮ್ ತೋರಿಸ್ರಿ" ಎಂದೆ, ಅಷ್ಟೇ. ಬೆಳಕು ಬಿದ್ದ ಫಿಲ್ಮ್ ತೊಳೆದರೆ ಕರ್ರಗೆ ಇರುತ್ತದೆ ಎಂದು ನಿನಗೆ ಗೊತ್ತು. ಅದಕ್ಕೇ ತೋರಿಸಲಿಲ್ಲ. ಅದು ಗಾಜಿನಷ್ಟು ತಿಳಿಯಾಗಿತ್ತು, ನಿರ್ಮಲಾ, ಬೆಳಕನ್ನೇ ಕಾಣದ ಫಿಲ್ಮ್. ಲೆನ್ಸಿನ ಮುಚ್ಚಳವನ್ನೇ ನಾನು ತೆಗೆದಿರಲಿಲ್ಲ.

ಈ ಹಾಳು ಕ್ಯಾಮೆರಾದಲ್ಲಿ ನಾವು ಲೆನ್ಸಿನೊಳಗಿಂದ ನೋಡುವುದಿಲ್ಲವಲ್ಲ. ಲೆನ್ಸು ಮುಚ್ಚಿದ್ದರೂ ತುರಾಯಿಯಲ್ಲಿ ಐವರೂ ಲಕ್ಷಣವಾಗಿ ಕಂಡರು. ಕೂಸು ಆಕಳಿಸಿದ್ದೂ ಕಂಡಿತು. ಹದಿನೆಂಟು ಸಲ ಒತ್ತಿದೆ. ಮನೆಗೆ ಬಂದು ಚೀಲ ತೆರೆದಾಗ ಲೆನ್ಸಿನ ಮೇಲೇ ಇದ್ದ ಮುಚ್ಚಳ ನನ್ನನ್ನೇ ನೋಡುತ್ತಿತ್ತು. ಮೂವತ್ತು ವರ್ಷ ಸ್ಟುಡಿಯೋ ನಡೆಸಿದವನು ಮುಚ್ಚಳ ತೆಗೆಯದೆ ಫೋಟೋ ಹೊಡೆದ ಎಂದರೆ ಈ ಊರಲ್ಲಿ ಮುಖ ಎತ್ತಿ ತಿರುಗಲಾದೀತೇ ಎಂದುಕೊಂಡೆ. ಕೈಗೆ ಸಿಕ್ಕವಳು ನೀನು. ನಿನ್ನ ತಲೆಗೆ ಕಟ್ಟಿದೆ.

ಎರಡು ವರ್ಷದಿಂದ ನನ್ನ ಬಲಗಣ್ಣಿಗೆ ಪೊರೆ ಬಂದಿರುವುದು ನಿನಗೊಬ್ಬಳಿಗೇ ಗೊತ್ತಿತ್ತು. ದೂರ ಸರಿಹೊಂದಿದರೆ ಕಿಂಡಿಯೊಳಗಿನ ಎರಡು ನೆರಳು ಒಂದಾಗುತ್ತವೆ; ಅದು ನನಗೆ ಕಾಣದಾದಾಗ, ನೀನೇ ಹುರಿಗೆ ಅಡಿಗೊಂದು ಗಂಟು ಹಾಕಿದೆ. ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಕೂತವರ ಮೂಗಿನ ತನಕ ಒಯ್ದು, "ಏಳಕ್ಕ ಎರಡ ಬಟ್ಟ ಕಮ್ಮಿರಿ" ಎನ್ನುತ್ತಿದ್ದೆ. ಜನ ಅದೇನೋ ಶಾಸ್ತ್ರವೆಂದು ತಿಳಿದು ನಿನಗೆ ಕೈ ಮುಗಿಯುತ್ತಿದ್ದರು. ನನ್ನ ಕಣ್ಣಿನ ಗುಟ್ಟನ್ನು ನೀನು ಎರಡು ವರ್ಷ ಯಾರಿಗೂ ಬಿಟ್ಟುಕೊಡಲಿಲ್ಲ. ನಾನು ನಿನ್ನ ಮರ್ಯಾದೆಯನ್ನು ಒಂದು ಸಂಜೆ ಕಾಯಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆದಿದ್ದೇನೆ.

ಹುರಿ ತೂಗುಹಾಕುತ್ತಿದ್ದ ಮೊಳೆ ಖಾಲಿಯಿದೆ. ಅದನ್ನು ಒಯ್ದದ್ದಕ್ಕೆ ನನ್ನ ತಕರಾರಿಲ್ಲ. ಅದು ನಿನ್ನದು.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಹಾವೇರಿ ಸ್ಟ್ಯಾಂಡಿನಲ್ಲಿ, ಕರ್ಜಗಿ ಬಸ್ಸು ನಿಲ್ಲುವಲ್ಲಿ ಇರುತ್ತೇನೆ. ನೀನು ಬಂದರೂ ಬರದಿದ್ದರೂ, ಮೊದಲು ಗದಿಗೆವ್ವನ ಮುಂದೆ, ಎಲ್ಲರ ಎದುರು ಮುಚ್ಚಳದ ಸಂಗತಿ ಹೇಳುತ್ತೇನೆ. ಬರದಿದ್ದರೆ ಫೋಟೋ ಆಗುವುದಿಲ್ಲ, ಅಷ್ಟೇ. ಅದಕ್ಕೂ ನಾನೇ ಹೊಣೆ.

ಸಿಟ್ಟು ಇನ್ನೂ ಇಳಿದಿಲ್ಲ, ಆದರೆ ಅದು ನಿನ್ನ ಮೇಲಲ್ಲ.

ಮಾಂತೇಶ

ತಾ.ಕ.: ಕಾಸೀಮಸಾಬ ನಾಳೆ ಬ್ಯಾಡಗಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡೋಣವೆಂದು ಪತ್ರಕ್ಕೆ ಅಂಟು ಹಚ್ಚಿದ್ದೆ. ಈಗ ಮತ್ತೆ ಒಡೆದಿದ್ದೇನೆ. ಸೋಮವಾರಕ್ಕೆಂದು ಕೋಟು ತೆಗೆದು ಇಸ್ತ್ರಿಗೆ ಹರವಿದರೆ ಒಳಜೇಬಿನಲ್ಲಿ ಏನೋ ಗಟ್ಟಿ ಹತ್ತಿತು. ತುರಾಯಿ. ಅವತ್ತು ಕರ್ಜಗಿಯಲ್ಲಿ ನಾನೇ ಬಿಚ್ಚಿ ಇಟ್ಟುಕೊಂಡದ್ದು. ಮೊದಲಿನ ಹಾಳೆ ಹರಿದು ಹಾಕಬಹುದಿತ್ತು, ಹಾಕಿಲ್ಲ. ನಾಲ್ಕು ತಿಂಗಳು ನಿನ್ನನ್ನು ಕಳ್ಳಿ ಮಾಡಿದವನ ಬುದ್ಧಿ ನಿನಗೆ ಪೂರಾ ಗೊತ್ತಿರಲಿ. ಆ ತಿಳಿ ಫಿಲ್ಮನ್ನೂ ಇದರೊಳಗೆ ಮಡಚಿ ಇಟ್ಟಿದ್ದೇನೆ. ನೀನು ಕೇಳಿದ್ದು ಅದೊಂದೇ ಅಲ್ಲವೇ.

ತುರಾಯಿಯನ್ನು ಕಣ್ಣಿಗೆ ಹಚ್ಚಿ ನೋಡಿದೆ. ಕಾಸೀಮಸಾಬನ ಅಂಗಡಿ ಈ ಅಂಚಿನಿಂದ ಆ ಅಂಚಿನ ತನಕ ಕಾಣುತ್ತದೆ. ಎಷ್ಟು ದೂರವಿದೆ ಎನ್ನುವುದು ಮಾತ್ರ ತಿಳಿಯುವುದಿಲ್ಲ. ಹುರಿಯನ್ನು ಅವನ ಕೈಯಲ್ಲಿ ಕೊಟ್ಟು ಕಳಿಸಬೇಡ. ಅದನ್ನು ಹಿಡಿಯಲು ಇಬ್ಬರು ಬೇಕು.